ಈಚೆಗೆ ಓದಿದ ನಾಲ್ಕು ಪುಸ್ತಕಗಳು ಮತ್ತು ಈಸೂರಿನ ಮೂವರು ಹೆಣ್ಣುಮಕ್ಕಳು

ಹಳೆಯ ವಿದ್ಯಾರ್ಥಿಗಳು ಎಲ್ಲಿ ಸಿಕ್ಕರೂ ಕುಶಲ ಪ್ರಶ್ನೆ ಮುಗಿದ ಕೂಡಲೇ ಕೇಳುವ ಮಾತು ಒಂದೇ: “ಈಗೇನು ಓದುತ್ತಿದ್ದೀರಿ ಸಾರ್?” ಕೇಳುವವರಲ್ಲಿ ಕೆಲವರಿಗೆ ನಿಜವಾದ ಕುತೂಹಲವಿರುತ್ತದೆ. ಇನ್ನು ಕೆಲವರಿಗೆ ಮೇಷ್ಟ್ರನ್ನು ಮಾತನಾಡಿಸಲು ಅದೊಂದು ಸುಲಭವಾದ ದಾರಿ. ಇಬ್ಬರಿಗೂ ನಾನು ಸಂತೋಷದಿಂದಲೇ ಉತ್ತರ ಕೊಡುತ್ತೇನೆ. ನಿವೃತ್ತಿಯ ನಂತರ ಓದಿಗೆ ಪಾಠಯೋಜನೆಯ ಹಂಗಿಲ್ಲ, ಗಂಟೆಯ ಹಂಗಿಲ್ಲ. ಹೊಸದರ ಪಕ್ಕದಲ್ಲಿ ಹಳೆಯದನ್ನಿಟ್ಟುಕೊಂಡು, ಕಾದಂಬರಿಯ ಪಕ್ಕದಲ್ಲಿ ಶಾಸನಸಂಪುಟವನ್ನಿಟ್ಟುಕೊಂಡು ಓದುವ ಸ್ವಾತಂತ್ರ್ಯ ಈ ವಯಸ್ಸಿನ ಭಾಗ್ಯವೆಂದೇ ಹೇಳಬೇಕು.

ಕಳೆದ ಕೆಲವು ತಿಂಗಳುಗಳಲ್ಲಿ ಓದಿದ, ಕೆಲವನ್ನು ಮತ್ತೆ ಓದಿದ, ನಾಲ್ಕು ಪುಸ್ತಕಗಳ ಬಗ್ಗೆ ಇಲ್ಲಿ ನನ್ನ ಅಭಿಪ್ರಾಯವನ್ನು ಬರೆಯುತ್ತಿದ್ದೇನೆ. ಎರಡು ಕಥಾಸಾಹಿತ್ಯ, ಎರಡು ವಾಸ್ತವದ ಬರಹ. ಇವು ಒಂದಕ್ಕೊಂದು ಸಂಬಂಧವಿಲ್ಲದ ಪುಸ್ತಕಗಳೆಂದು ಮೇಲ್ನೋಟಕ್ಕೆ ತೋರಬಹುದು. ಆದರೆ ಈಸೂರಿನ ನೆಲದ ಮೇಲೆ ಕುಳಿತು ಓದುವವನಿಗೆ ನಾಲ್ಕೂ ಒಂದೇ ಪ್ರಶ್ನೆಯನ್ನು ಕೇಳಿದವು: ಒಂದು ಊರಿನಲ್ಲಿ ದೊಡ್ಡದೊಂದು ಘಟನೆ ನಡೆದರೆ ಅದರಲ್ಲಿ ಯಾರ ಹೆಸರು ಉಳಿಯುತ್ತದೆ? ಯಾರ ಬದುಕು ಉಳಿಯುತ್ತದೆ?

ಮೊದಲನೆಯದು ನಿರಂಜನರ ‘ಚಿರಸ್ಮರಣೆ’. 1955ರಲ್ಲಿ ಪ್ರಕಟವಾದ ಈ ಕಾದಂಬರಿ ಕಯ್ಯೂರಿನ ರೈತರ ಹೋರಾಟವನ್ನು ಕುರಿತದ್ದು. ಕಯ್ಯೂರು ಆಗ ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲ್ಲೂಕಿನಲ್ಲಿತ್ತು. ಈಗ ಕೇರಳದ ಕಾಸರಗೋಡು ಜಿಲ್ಲೆಯಲ್ಲಿದೆ. 1941ರ ಮಾರ್ಚ್ ತಿಂಗಳಲ್ಲಿ ರೈತರ ಮೆರವಣಿಗೆಯ ಕೈಗೆ ಸಿಕ್ಕಿದ ಪೊಲೀಸ್ ಪೇದೆಯೊಬ್ಬ ಹೊಳೆಗೆ ಹಾರಿ ಪ್ರಾಣ ಕಳೆದುಕೊಂಡ. ಆ ಪ್ರಕರಣದಲ್ಲಿ ನಾಲ್ವರು ಯುವಕರನ್ನು 1943ರ ಮಾರ್ಚ್ 29ರಂದು ಕಣ್ಣೂರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು. ಮರಣದಂಡನೆ ವಿಧಿಸಲ್ಪಟ್ಟಿದ್ದ ಐದನೆಯವನು ಇನ್ನೂ ಪ್ರಾಯಕ್ಕೆ ಬಂದಿರಲಿಲ್ಲವೆಂಬ ಕಾರಣದಿಂದ ಉಳಿದುಕೊಂಡ.

ಈ ದಿನಾಂಕವನ್ನು ಓದುವಾಗ ಈಸೂರಿನವರು ಒಂದು ಕ್ಷಣ ನಿಲ್ಲಲೇಬೇಕು. ನಮ್ಮ ಐವರು, ಗುರಪ್ಪ, ಜೀನಹಳ್ಳಿ ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ ಮತ್ತು ಶಂಕರಪ್ಪ, ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ನೇಣುಗಂಬವನ್ನೇರಿದ್ದು ಅದೇ 1943ರ ಅದೇ ಮಾರ್ಚ್ ತಿಂಗಳಿನಲ್ಲಿ, 8ರಿಂದ 10ರವರೆಗಿನ ಮೂರು ದಿನಗಳಲ್ಲಿ. ಮೂರು ವಾರಗಳ ಅಂತರದಲ್ಲಿ ಎರಡು ಹಳ್ಳಿಗಳ ಒಂಬತ್ತು ಜನ. ಒಂದು ಕಡೆ ಜಮೀನ್ದಾರಿಯ ವಿರುದ್ಧ ಎದ್ದ ರೈತಸಂಘ, ಇನ್ನೊಂದು ಕಡೆ ‘ಭಾರತ ಬಿಟ್ಟು ತೊಲಗಿ’ ಎಂಬ ಕರೆಗೆ ಓಗೊಟ್ಟು ತಮ್ಮದೇ ಸರ್ಕಾರವನ್ನು ಸಾರಿಕೊಂಡ ಮೈಸೂರು ಸಂಸ್ಥಾನದ ಒಂದು ಗ್ರಾಮ. ಹೋರಾಟದ ಬಗೆ ಬೇರೆ, ತಿಂಗಳು ಒಂದೇ.

‘ಚಿರಸ್ಮರಣೆ’ಯನ್ನು ನಾನು ಮೆಚ್ಚುವುದಕ್ಕೆ ಮುಖ್ಯ ಕಾರಣ ಅದರ ನಡುವೆ ಒಬ್ಬ ಉಪಾಧ್ಯಾಯನಿರುವುದು. ಅಪ್ಪು ಮತ್ತು ಚಿರುಕಂಡ ಎಂಬ ಇಬ್ಬರು ಹುಡುಗರ ಮನಸ್ಸು ತೆರೆಯುವುದು ಆ ಮಾಸ್ತರನಿಂದ. ಅಕ್ಷರ ಕಲಿಸುವ ಕೆಲಸವೂ ಅನ್ಯಾಯವನ್ನು ಗುರುತಿಸುವ ಕೆಲಸವೂ ಒಂದೇ ಜಗಲಿಯ ಮೇಲೆ ನಡೆಯುವುದನ್ನು ನಿರಂಜನರು ಸಹಜವಾಗಿ ಚಿತ್ರಿಸಿದ್ದಾರೆ. ಅವರು ಸ್ವತಃ ನೀಲೇಶ್ವರದಲ್ಲಿ ಓದಿದವರು. ಆ ಪರಿಸರದ ಹೊಳೆ, ತೋಟ, ಜನರ ನಡೆನುಡಿ ಅವರಿಗೆ ಹತ್ತಿರದಿಂದ ಗೊತ್ತಿತ್ತು. ಕಾದಂಬರಿ ಮಲಯಾಳಕ್ಕೂ ಹೋಗಿ ಅಲ್ಲಿಯ ಓದುಗರಿಗೆ ತಮ್ಮದೇ ಎನಿಸಿತು. ಒಂದು ಹಳ್ಳಿಯ ಕಥೆ ಎರಡು ಭಾಷೆಗಳ ಸ್ವತ್ತಾದದ್ದು ಸಣ್ಣ ಮಾತಲ್ಲ.

ಆದರೆ ಮೆಚ್ಚಿಕೆಯ ಜೊತೆಗೆ ಒಂದು ತಕರಾರನ್ನೂ ಹೇಳಬೇಕು. ಪ್ರಗತಿಶೀಲ ಸಾಹಿತ್ಯದ ಆ ಕಾಲದ ಒಲವಿನಂತೆ ಇಲ್ಲಿ ಬಿಳುಪು ಕಪ್ಪುಗಳ ವಿಂಗಡಣೆ ಮೊದಲೇ ಆಗಿಬಿಟ್ಟಿದೆ. ಜಮೀನ್ದಾರನ ಪಕ್ಷದವರು ಬಾಯಿ ತೆರೆಯುವ ಮೊದಲೇ ಅವರು ಏನು ಹೇಳುತ್ತಾರೆಂದು ನಮಗೆ ತಿಳಿದಿರುತ್ತದೆ. ಗಂಡುಮಕ್ಕಳ ಮನಸ್ಸಿನ ಏರಿಳಿತಕ್ಕೆ ಸಿಕ್ಕಿದ ಪುಟಗಳು ಅವರನ್ನು ಕಾಯುತ್ತ ಕುಳಿತ ತಾಯಂದಿರಿಗೆ, ಹೆಂಡಿರಿಗೆ ಸಿಕ್ಕಿಲ್ಲ. ಇಷ್ಟಾದರೂ ಕಯ್ಯೂರಿಗೆ ಒಬ್ಬ ಕಾದಂಬರಿಕಾರ ಒದಗಿದನೆಂಬುದನ್ನು ನಾನು ಸ್ವಲ್ಪ ಅಸೂಯೆಯಿಂದಲೇ ನೆನೆಯುತ್ತೇನೆ.

ಇಲ್ಲಿ ಈಸೂರಿನ ಮಾತನ್ನು ಸ್ವಲ್ಪ ವಿಸ್ತರಿಸುತ್ತೇನೆ. ದೂರದ ಊರುಗಳಲ್ಲಿ ಬೆಳೆಯುತ್ತಿರುವ ನಮ್ಮ ಮೊಮ್ಮಕ್ಕಳಿಗೆ ಇದು ಬೇಕು. “ಏಸೂರು ಕೊಟ್ಟರೂ ಈಸೂರು ಕೊಡೆವು” ಎಂಬ ಘೋಷಣೆ ಎಲ್ಲರ ಬಾಯಲ್ಲಿದೆ. ಕಂದಾಯ ಕೊಡುವುದಿಲ್ಲವೆಂದದ್ದು, ಇಬ್ಬರು ಬಾಲಕರನ್ನೇ ಅಮಲ್ದಾರ ಮತ್ತು ಸಬ್ ಇನ್ಸ್‌ಪೆಕ್ಟರ್ ಎಂದು ನೇಮಿಸಿಕೊಂಡದ್ದು, ವೀರಭದ್ರ ದೇವರ ಗುಡಿಯ ಮೇಲೆ ಬಾವುಟ ಹಾರಿಸಿದ್ದು, ಇವನ್ನೆಲ್ಲ ನಾವು ಅಭಿಮಾನದಿಂದ ಹೇಳುತ್ತೇವೆ. ಹೇಳಬೇಕಾದದ್ದೇ. ಆದರೆ 1942ರ ಸೆಪ್ಟೆಂಬರ್ 28ರಂದು ಊರಿಗೆ ಬಂದ ಅಮಲ್ದಾರ ಚನ್ನಕೃಷ್ಣಪ್ಪ ಮತ್ತು ಸಬ್ ಇನ್ಸ್‌ಪೆಕ್ಟರ್ ಕೆಂಚೇಗೌಡ ಎಂಬಿಬ್ಬರು ಆ ದಿನದ ಘರ್ಷಣೆಯಲ್ಲಿ ಹತರಾದರೆಂಬುದನ್ನು ಹೇಳುವಾಗ ನಮ್ಮ ದನಿ ತಗ್ಗುತ್ತದೆ, ವಾಕ್ಯ ಚಿಕ್ಕದಾಗುತ್ತದೆ. ಅವರೂ ಕನ್ನಡದವರೇ, ಸಂಬಳಕ್ಕೆ ದುಡಿಯುತ್ತಿದ್ದವರೇ, ಮನೆಗೆ ಹಿಂತಿರುಗಬೇಕಾಗಿದ್ದವರೇ.

ತರಗತಿಯಲ್ಲಿ ಈ ಪಾಠ ಬಂದಾಗಲೆಲ್ಲ ಯಾರಾದರೊಬ್ಬ ಹುಡುಗ ಎದ್ದು ನಿಂತು, “ಗಾಂಧಿ ಟೋಪಿ ಹಾಕಿಕೊಂಡವರು ಹೊಡೆಯಬಹುದೇ ಸಾರ್?” ಎಂದು ಕೇಳುತ್ತಿದ್ದ. ಅದು ಒಳ್ಳೆಯ ಪ್ರಶ್ನೆ. ಜನರ ಸಿಟ್ಟು, ಬಂದೂಕಿನ ಸದ್ದು, ಗುಂಪಿನಲ್ಲಿ ಕ್ಷಣಾರ್ಧದಲ್ಲಿ ಕೈಮೀರಿಹೋಗುವ ವಿವೇಕ, ಇವನ್ನು ಎರಡು ವಾಕ್ಯಗಳ ಪಾಠ ವಿವರಿಸಲಾರದು. ತೀರ್ಪು ಬರೆದ ನ್ಯಾಯಾಲಯವೂ ವಿವರಿಸಲಾರದು. ಅದಕ್ಕೆ ಬೇಕಾದದ್ದು ಯಾರು ಹೊಡೆದರೆಂಬುದು ಮಾತ್ರ. ಆ ಹುಡುಗನ ಪ್ರಶ್ನೆಯನ್ನು ಪೂರ್ತಿಯಾಗಿ ಎದುರಿಸುವ ಶಕ್ತಿಯಿರುವುದು ಒಳ್ಳೆಯ ಕಾದಂಬರಿಗೆ. ಎದುರಾಳಿಯ ಸಾವಿಗೂ ಒಂದು ಪುಟವನ್ನು ಮೀಸಲಿಡುವ ಧೈರ್ಯ ಎಷ್ಟಿದೆಯೆಂಬುದರ ಮೇಲೆ ಹೋರಾಟದ ಪುಸ್ತಕದ ಪ್ರಾಮಾಣಿಕತೆಯನ್ನು ಅಳೆಯಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಹಾಗೆ ಬರೆದರೆ ಹುತಾತ್ಮರ ಗೌರವ ಕುಗ್ಗುವುದಿಲ್ಲ. ಅವರು ತೆತ್ತ ಬೆಲೆ ಎಂಥದೆಂಬುದು ಆಗ ಮಾತ್ರ ಓದುಗನಿಗೆ ಅರ್ಥವಾಗುತ್ತದೆ.

ಎರಡನೆಯ ಪುಸ್ತಕ ಡಾ. ಎಚ್. ನರಸಿಂಹಯ್ಯನವರ ಆತ್ಮಕಥೆ ‘ಹೋರಾಟದ ಹಾದಿ’. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಬಡ ಮನೆಯ ಹುಡುಗ ಓದಿನ ಆಸೆಯಿಂದ ಎರಡು ದಿನ ನಡೆದು ಬೆಂಗಳೂರು ಸೇರಿದ ಕಥೆ ನಿಮ್ಮಲ್ಲಿ ಹಲವರಿಗೆ ಗೊತ್ತು. ಸೆಂಟ್ರಲ್ ಕಾಲೇಜಿನ ವಿದ್ಯಾರ್ಥಿಯಾಗಿದ್ದಾಗ 1942ರಲ್ಲಿ ಅವರು ಓದನ್ನು ಬಿಟ್ಟು ಚಳವಳಿಗಿಳಿದು ಸೆರೆಮನೆ ಸೇರಿದರು. ಮುಂದೆ ಭೌತವಿಜ್ಞಾನದ ಅಧ್ಯಾಪಕರಾದರು, ಅಮೆರಿಕದ ಒಹಾಯೋ ಸ್ಟೇಟ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು, 1972ರಿಂದ 1977ರವರೆಗೆ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದರು, ಕೊನೆಯವರೆಗೂ ವಿದ್ಯಾರ್ಥಿನಿಲಯದ ಕೋಣೆಯಲ್ಲೇ ಬಾಳಿದರು.

ಈ ಪುಸ್ತಕದ ಗುಣ ಅದರ ಸರಳತೆ. ಪ್ರಾಮಾಣಿಕ ಗುಮಾಸ್ತ ಲೆಕ್ಕದ ಪುಸ್ತಕ ಬರೆದಂತೆ ಅವರು ತಮ್ಮ ಬದುಕನ್ನು ಬರೆದಿದ್ದಾರೆ. ಬಡತನವನ್ನು ವೈಭವೀಕರಿಸುವುದಿಲ್ಲ, ಸೆರೆವಾಸವನ್ನು ಪದಕದಂತೆ ಎದೆಗೆ ಚುಚ್ಚಿಕೊಳ್ಳುವುದಿಲ್ಲ. ಕನ್ನಡದಲ್ಲಿ ಆತ್ಮಕಥೆ ಬರೆಯ ಹೊರಟವರೆಲ್ಲ ಒಮ್ಮೆ ಇದನ್ನು ಓದಿಕೊಂಡು ಲೇಖನಿ ಹಿಡಿದರೆ ಒಳ್ಳೆಯದು. ಕೆಲವು ಕಡೆ ಆಡಳಿತದ ವಿವರಗಳು ದೀರ್ಘವಾಗಿ ಓದಿನ ವೇಗ ಕುಂಠಿತವಾಗುವುದುಂಟು. ಆದರೂ ನನ್ನ ಮಟ್ಟಿಗೆ ಅದು ದೊಡ್ಡ ದೋಷವೇನಲ್ಲ.

ಇದನ್ನು ಓದುತ್ತಿದ್ದಾಗ ಒಂದು ಯೋಚನೆ ನನ್ನನ್ನು ಬಿಡಲಿಲ್ಲ. ಅದೇ 1942, ಅದೇ ಮೈಸೂರು ಸಂಸ್ಥಾನ. ಒಬ್ಬ ಕಾಲೇಜು ವಿದ್ಯಾರ್ಥಿ ಸೆರೆಮನೆಗೆ ಹೋಗಿ ಬಂದು, ಓದು ಮುಗಿಸಿ, ದಶಕಗಳ ನಂತರ ತನ್ನ ಕಥೆಯನ್ನು ತನ್ನ ಕೈಯಿಂದಲೇ ಬರೆದರು. ಈಸೂರಿನ ಮೊಕದ್ದಮೆಯಲ್ಲಿ ಹಾಲಮ್ಮ, ಪಾರ್ವತಮ್ಮ, ಸಿದ್ದಮ್ಮ ಎಂಬ ಮೂವರು ಹೆಣ್ಣುಮಕ್ಕಳಿಗೆ ಜೀವಾವಧಿ ಶಿಕ್ಷೆಯಾಯಿತು. ಅವರ ಹೆಸರುಗಳು ಉಳಿದಿವೆ. ಅವರು ತಮ್ಮ ಮಾತಿನಲ್ಲೇ ಹೇಳಿದ ಕಥೆ ನಮ್ಮ ಮನೆಮನೆಯ ಪುಸ್ತಕವಾಗಲಿಲ್ಲ. ಅಕ್ಷರ ಬಲ್ಲವರ 1942 ಆತ್ಮಕಥೆಯಾಗುತ್ತದೆ, ಉಳಿದವರ 1942 ಪೊಲೀಸರ ಕಡತದಲ್ಲಿ ಆರೋಪಿಯ ಸಂಖ್ಯೆಯಾಗಿ ನಿಲ್ಲುತ್ತದೆ. ಇದರಲ್ಲಿ ನರಸಿಂಹಯ್ಯನವರ ತಪ್ಪೇನೂ ಇಲ್ಲ. ಅವರು ತಮ್ಮ ಪಾಲಿನ ಸಾಕ್ಷ್ಯವನ್ನು ಶುದ್ಧವಾಗಿ ನುಡಿದಿದ್ದಾರೆ. ಕೊರತೆಯಿರುವುದು ನಮ್ಮ ಕಡೆ.

ಮೂರನೆಯದು ಬಾನು ಮುಷ್ತಾಕ್ ಅವರ ಕಥೆಗಳು. 2025ರ ಮೇ ತಿಂಗಳಲ್ಲಿ ಇವರ ಹನ್ನೆರಡು ಕಥೆಗಳ ಇಂಗ್ಲಿಷ್ ಅನುವಾದ ‘ಹಾರ್ಟ್ ಲ್ಯಾಂಪ್’ಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು, ಅನುವಾದಿಸಿದವರು ದೀಪಾ ಭಾಸ್ತಿ. ಸಣ್ಣಕಥೆಗಳ ಸಂಕಲನವೊಂದಕ್ಕೆ ಆ ಪ್ರಶಸ್ತಿ ದೊರೆತದ್ದು ಅದೇ ಮೊದಲು, ಕನ್ನಡಕ್ಕೆ ದೊರೆತದ್ದೂ ಅದೇ ಮೊದಲು. ಆ ಸುದ್ದಿ ಬಂದಾಗ ಪ್ರಶಸ್ತಿಯ ಹಣವೆಷ್ಟೆಂದು ವಿಚಾರಿಸಿದವರು ಬಹಳ ಮಂದಿ. ಮೂಲ ಕನ್ನಡ ಕಥೆಗಳನ್ನು ಹುಡುಕಿ ಓದಿದವರು ಕಡಿಮೆ. ನೀವು ಆ ಎರಡನೆಯ ಗುಂಪಿಗೆ ಸೇರಬೇಕೆಂಬುದು ನನ್ನ ಆಸೆ. ಇನ್ನೊಂದು ಸಂಗತಿ, ಮೇಷ್ಟ್ರ ಕಿವಿಗೆ ಹಿತವಾಗುವಂಥದು: ಬಾನು ಅವರು ಎಂಟು ವರ್ಷದ ಬಾಲಕಿಯಾಗಿದ್ದಾಗ ನಮ್ಮ ಶಿವಮೊಗ್ಗದ ಕನ್ನಡ ಮಾಧ್ಯಮದ ಶಾಲೆಯೊಂದಕ್ಕೆ, ಆರು ತಿಂಗಳಲ್ಲಿ ಕನ್ನಡ ಓದು ಬರಹ ಕಲಿಯಬೇಕೆಂಬ ಷರತ್ತಿನ ಮೇಲೆ, ಸೇರಿದವರು. ಆ ಷರತ್ತು ಎಂಥ ಫಲ ಕೊಟ್ಟಿತೆಂಬುದನ್ನು ಈಗ ಜಗತ್ತು ನೋಡಿದೆ.

‘ಎದೆಯ ಹಣತೆ’ ಎಂಬ ಕಥೆಯಲ್ಲಿ ಗಂಡನಿಂದ ಪರಿತ್ಯಕ್ತಳಾದ ಮೆಹರುನ್ ತವರಿಗೆ ಬರುತ್ತಾಳೆ. ತವರಿನವರು ಮರ್ಯಾದೆಗೆ ಅಂಜಿ ಅವಳನ್ನು ಮರಳಿ ಅದೇ ಮನೆಗೆ ಕೊಂಡೊಯ್ದು ಬಿಡುತ್ತಾರೆ. ರಾತ್ರಿ ಅವಳು ಸೀಮೆಎಣ್ಣೆಯ ಡಬ್ಬಿಯನ್ನು ಎತ್ತಿಕೊಳ್ಳುತ್ತಾಳೆ. ತಡೆಯುವವಳು ಹಿರಿಯ ಮಗಳು ಸಲ್ಮಾ, ಕೂಸನ್ನೆತ್ತಿಕೊಂಡು ಬಂದ ಮಗು. ಇಷ್ಟೇ ಕಥೆ. ಇಲ್ಲಿ ಊರನ್ನು ನಡುಗಿಸುವ ಘಟನೆ ಯಾವುದೂ ಇಲ್ಲ. ನೆರೆಮನೆಯವರಿಗೂ ತಿಳಿಯದೆ ಮುಗಿದುಹೋಗಬಹುದಾಗಿದ್ದ ಒಂದು ರಾತ್ರಿ. ಆ ರಾತ್ರಿಯೊಳಗೆ ಕನ್ನಡದ ಓದುಗನನ್ನು ಕರೆದೊಯ್ದು ಕೂರಿಸುವ ಶಕ್ತಿ ಈ ಲೇಖಕಿಗಿದೆ. ಕೆಲವು ಕಥೆಗಳಲ್ಲಿ ವಕೀಲೆಯಾಗಿಯೂ ದುಡಿದ ಬಾನು ಅವರ ವಾದದ ದನಿ ಕಥೆಯ ದನಿಗಿಂತ ಮುಂದೆ ಬಂದುಬಿಡುತ್ತದೆ. ಓದುಗನಿಗೆ ಆಗಲೇ ಅರ್ಥವಾಗಿರುವುದನ್ನು ಮತ್ತೆ ಬಿಡಿಸಿ ಹೇಳುತ್ತಾರೆ. ಅಂಥ ಕಡೆ ನನಗೆ ಪೂರ್ಣ ತೃಪ್ತಿಯಾಗಲಿಲ್ಲ. ಆದರೆ ‘ಎದೆಯ ಹಣತೆ’ಯಂಥ ಕಥೆ ಒಂದೇ ಇದ್ದಿದ್ದರೂ ಅವರ ಹೆಸರು ನಿಲ್ಲುತ್ತಿತ್ತು.

ಈ ಕಥೆಗಳನ್ನು ಓದಿದ ಮೇಲೆ ‘ಚಿರಸ್ಮರಣೆ’ಯಲ್ಲಿ ನನಗೆ ಕಂಡ ಕೊರತೆಗೆ ಪರಿಹಾರವೂ ಕಂಡಿತು. ಈಸೂರಿನ 1942ನ್ನು ಬರೆಯುವವನು ವೀರಭದ್ರ ದೇವರ ಗುಡಿಯ ಮುಂದೆ ನಿಂತು ಬರೆದರೆ ಸಾಲದು, ಅಡುಗೆಮನೆಯ ಹೊಸ್ತಿಲಿನಿಂದಲೂ ನೋಡಬೇಕು. ಘಟನೆಯ ನಂತರ ಪೊಲೀಸರು ಬಂದರು, ಮನೆಗಳು ಸೂರೆಯಾದವು, ಜನ ಕಾಡು ಸೇರಿದರು ಎಂದು ಚರಿತ್ರೆ ಒಂದೇ ಉಸಿರಿನಲ್ಲಿ ಹೇಳುತ್ತದೆ. ಕಾಡು ಸೇರುವಾಗ ಹಾಲು ಕುಡಿಯುವ ಕೂಸಿನ ಅಳುವನ್ನು ಹೇಗೆ ಅಡಗಿಸಿದರು? ಕೊಟ್ಟಿಗೆಯ ಹಸುಗಳ ಹಗ್ಗ ಬಿಚ್ಚಿದವರು ಯಾರು? ಗಂಡಸರು ಸೆರೆಮನೆಯಲ್ಲಿದ್ದ ಆ ವರ್ಷ ಭತ್ತದ ಗದ್ದೆಯ ಕೊಯ್ಲಿಗೆ ಯಾರು ಇಳಿದರು? ಜೀವಾವಧಿ ಶಿಕ್ಷೆಯಾದ ಹೆಣ್ಣುಮಗಳು ಸೆರೆಮನೆಯಲ್ಲಿ ಯಾವ ಹಬ್ಬವನ್ನು ಲೆಕ್ಕವಿಟ್ಟಳು? ಈ ಪ್ರಶ್ನೆಗಳಿಗೆ ಉತ್ತರ ಕೊಡಬಲ್ಲ ಬರವಣಿಗೆಯನ್ನು ಬಾನು ಅವರಂಥವರ ಕಥೆಗಳಿಂದ ಕಲಿಯಬಹುದು.

ನಾಲ್ಕನೆಯದು ಪುಸ್ತಕವೆಂದರೆ ಹಲವರು ನಗುತ್ತಾರೆ: ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಏಳನೆಯ ಸಂಪುಟ. ಬಿ.ಎಲ್. ರೈಸ್ ಅವರು 1902ರಲ್ಲಿ ಪ್ರಕಟಿಸಿದ ಈ ಸಂಪುಟದಲ್ಲಿ ನಮ್ಮ ಶಿಕಾರಿಪುರ ತಾಲ್ಲೂಕಿನ ಶಾಸನಗಳಿವೆ. ಸೊರಬದವು 1904ರ ಎಂಟನೆಯ ಸಂಪುಟದಲ್ಲಿ. ತಾಳಗುಂದದ ಕದಂಬರ ಸ್ತಂಭ, ಬಳ್ಳಿಗಾವಿಯ ಕೋಡಿಯಮಠ, ಬಂದಳಿಕೆಯ ಬಸದಿ, ಎಲ್ಲವೂ ಇಲ್ಲಿವೆ. ಒಮ್ಮೆ ಓದಲು ಕುಳಿತರೆ ಊಟದ ಹೊತ್ತು ಮೀರುವುದು ತಿಳಿಯುವುದಿಲ್ಲ. ತುರುಗಳನ್ನು ಕಾಯಲು ಹೋಗಿ ಸತ್ತವರು, ಊರಿನ ಗಡಿಗಾಗಿ ಇರಿದಾಡಿ ಬಿದ್ದವರು, ಅವರ ಹೆಸರು, ಅವರಿಗೆ ಬಿಟ್ಟ ಗದ್ದೆಯ ಅಳತೆ, ಇವೆಲ್ಲ ಕಲ್ಲಿನ ಮೇಲೆ ಉಳಿದಿವೆ.

ಇದರಲ್ಲಿ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಬಂದಳಿಕೆಯ ಒಂದು ಶಾಸನ. ರಾಷ್ಟ್ರಕೂಟರ ಎರಡನೆಯ ಕೃಷ್ಣನ ಕಾಲ, ಕ್ರಿ.ಶ. 911ರ ಸುಮಾರು. ನಾಗರಖಂಡ ಎಪ್ಪತ್ತರ ನಾಳ್ಗಾವುಂಡನಾಗಿದ್ದ ಸತ್ತರಸ ನಾಗಾರ್ಜುನ ತೀರಿಕೊಂಡಾಗ ಆ ಅಧಿಕಾರವನ್ನು ಅವನ ಹೆಂಡತಿ ಜಕ್ಕಿಯಬ್ಬೆಗೆ ಕೊಡಲಾಯಿತು. ಅವಳು ನಾಡನ್ನು ಸಮರ್ಥವಾಗಿ ಆಳಿದಳು. ಕೊನೆಗೆ ಕಾಯಿಲೆ ಬಿದ್ದಾಗ ಮಗಳಿಗೆ ಹೊಣೆಯನ್ನು ಒಪ್ಪಿಸಿ, ಬಂದಳಿಕೆಯ ಬಸದಿಯಲ್ಲಿ ವ್ರತವನ್ನು ಕೈಗೊಂಡು ದೇಹವನ್ನು ತೊರೆದಳು. ಅಧಿಕಾರ, ಆಡಳಿತ, ರೋಗ, ಮಗಳು, ಮರಣ: ಒಬ್ಬ ಹೆಣ್ಣುಮಗಳ ಬದುಕಿನ ಒಂದು ಸಂಕ್ಷಿಪ್ತ ಚರಿತ್ರೆಯೇ ಅಲ್ಲಿದೆ. ಸಾವಿರದ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ, ಇದೇ ತಾಲ್ಲೂಕಿನಲ್ಲಿ.

ಕಲ್ಲಿಗೆ ಬರೆಸುವ ಅನುಕೂಲವಿದ್ದ ಮನೆತನದವಳಾದ್ದರಿಂದ ಜಕ್ಕಿಯಬ್ಬೆ ಉಳಿದಳೆಂಬುದು ನಿಜ. ಅವಳ ಕಾಲದ ಸಾವಿರಾರು ಹೆಂಗಸರು ಹೆಸರಿಲ್ಲದೆ ಹೋದರು. ಆದರೆ ನಮ್ಮ ಕಾಲದಲ್ಲಿ ಕಲ್ಲು ಬೇಕಾಗಿರಲಿಲ್ಲ, ಶಿಲ್ಪಿ ಬೇಕಾಗಿರಲಿಲ್ಲ. ಒಂದು ನೋಟ್‌ಬುಕ್ ಸಾಕಾಗಿತ್ತು. ಹತ್ತನೆಯ ಶತಮಾನದ ಜಕ್ಕಿಯಬ್ಬೆಯ ಬಗ್ಗೆ ತಿಳಿದಷ್ಟನ್ನಾದರೂ ಇಪ್ಪತ್ತನೆಯ ಶತಮಾನದ ಹಾಲಮ್ಮ, ಪಾರ್ವತಮ್ಮ, ಸಿದ್ದಮ್ಮನವರ ಬಗ್ಗೆ ನಮ್ಮ ಮಕ್ಕಳು ಹೇಳಬಲ್ಲರೇ? ಇದನ್ನು ಬರೆಯುವಾಗ ನನಗೆ ನಾಚಿಕೆಗಿಂತ ಆತುರವೇ ಹೆಚ್ಚಾಗಿದೆ.

ಇದಕ್ಕೆ ಎರಡು ಆಕ್ಷೇಪಣೆಗಳು ಬರುತ್ತವೆಂದು ಬಲ್ಲೆ. ಸ್ಮಾರಕವಿದೆ, ವರ್ಷವರ್ಷವೂ ಹೂವು ಹಾಕುತ್ತೇವೆ, ಇನ್ನೇನು ಬೇಕು ಎಂಬುದು ಮೊದಲನೆಯದು. ಸ್ಮಾರಕ ತಲೆಬಾಗಲು ಕಲಿಸುತ್ತದೆ. ಪ್ರಶ್ನೆ ಕೇಳಿದ ಹುಡುಗನಿಗೆ ಅದು ಉತ್ತರ ಕೊಡಲಾರದು. ಎರಡನೆಯ ಆಕ್ಷೇಪಣೆ ಗಟ್ಟಿಯಾದದ್ದು. ಕಾದಂಬರಿಕಾರನಿಗೆ ಕಲ್ಪನೆಯ ಸ್ವಾತಂತ್ರ್ಯ ಕೊಟ್ಟರೆ ಅವನು ನಮ್ಮ ಅಜ್ಜ ಅಜ್ಜಿಯರ ಬಾಯಲ್ಲಿ ಇಲ್ಲದ ಮಾತು ಆಡಿಸುತ್ತಾನೆ, ಮನೆತನಗಳ ನಡುವೆ ಆರಿದ ಬೂದಿಯನ್ನು ಕೆದಕುತ್ತಾನೆ ಎಂಬುದು. ಈ ಭಯ ನ್ಯಾಯವಾದದ್ದೇ. ಆದ್ದರಿಂದಲೇ ಮೊದಲು ವಾಸ್ತವದ ಬರಹ, ಆಮೇಲೆ ಕಥೆ ಎಂಬ ಕ್ರಮವನ್ನು ನಾನು ಒತ್ತಿ ಹೇಳುತ್ತೇನೆ. ನರಸಿಂಹಯ್ಯನವರ ಪುಸ್ತಕದಂಥ ಶುದ್ಧ ಸಾಕ್ಷ್ಯಗಳು ಮೊದಲು ಒಂದೆಡೆ ಸೇರಬೇಕು. ಗಟ್ಟಿಯಾದ ಸಂಗತಿಗಳು ಕಣ್ಣ ಮುಂದಿದ್ದರೆ ಕಾದಂಬರಿಕಾರ ಮನಬಂದಂತೆ ಓಡಲಾರ. ಓಡಿದರೆ ಊರಿನವರೇ ತಿದ್ದಬಲ್ಲರು. ಸಂಗತಿಗಳನ್ನು ನಾವೇ ಕೂಡಿಡದೆ ಹೋದರೆ ನಾಳೆ ಯಾರೋ ಸಿನಿಮಾದವರು ಬಂದು ಕಟ್ಟಿದ ಕಥೆಯನ್ನೇ ನಮ್ಮ ಮೊಮ್ಮಕ್ಕಳು ಚರಿತ್ರೆಯೆಂದು ನಂಬುತ್ತಾರೆ.

ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ವಿದ್ಯಾರ್ಥಿಗಳಿಗೆ ಒಂದು ಮಾತು. ನಿಮ್ಮ ನಗರದ ಫ್ರೀಡಂ ಪಾರ್ಕ್ ಹಿಂದೆ ಕೇಂದ್ರ ಕಾರಾಗೃಹವಾಗಿತ್ತು. 2008ರಲ್ಲಿ ಅದನ್ನು ಉದ್ಯಾನವನ್ನಾಗಿ ತೆರೆದರು. ಭಾನುವಾರ ಮಕ್ಕಳನ್ನು ಕರೆದುಕೊಂಡು ಹೋದಾಗ ನಮ್ಮೂರಿನ ಐವರು ಕೊನೆಯ ಉಸಿರೆಳೆದ ಸೆರೆಮನೆ ಇದೇ ಎಂದು ತಿಳಿಸಿ. ಅವರ ಹೆಸರುಗಳನ್ನು ಮಕ್ಕಳಿಂದ ಒಮ್ಮೆ ಹೇಳಿಸಿ. ಜೊತೆಗೆ ಮೂವರು ಹೆಣ್ಣುಮಕ್ಕಳ ಹೆಸರನ್ನೂ, ಆ ದಿನ ಸತ್ತ ಇಬ್ಬರು ಅಧಿಕಾರಿಗಳ ಹೆಸರನ್ನೂ ಹೇಳಿಸಿ. ಒಟ್ಟು ಹತ್ತು ಹೆಸರುಗಳು. ಮಗ್ಗಿ ಕಲಿತ ಮಕ್ಕಳಿಗೆ ಇದು ಹೊರೆಯಲ್ಲ.

ಊರಿನಲ್ಲಿರುವ ಬಂಧುಗಳಿಗೆ ಇನ್ನೊಂದು ಕೋರಿಕೆ. 1942ರಲ್ಲಿ ಹತ್ತು ವರ್ಷದವರಾಗಿದ್ದವರು ಯಾರಾದರೂ ಇದ್ದರೆ ಈಗ ತೊಂಬತ್ತನ್ನು ದಾಟಿದ್ದಾರೆ. ಅವರಿಂದ ಕೇಳಿದವರು, ಅಂದರೆ ಸೊಸೆಯಂದಿರು, ಮೊಮ್ಮಕ್ಕಳು, ಇನ್ನೂ ನಮ್ಮ ನಡುವೆ ಇದ್ದಾರೆ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದಿಡಿ, ಅಥವಾ ಕೈಯಲ್ಲಿರುವ ಮೊಬೈಲಿನಲ್ಲಿ ಧ್ವನಿಯನ್ನು ಹಿಡಿದಿಡಿ. ಅಲಂಕಾರ ಬೇಡ, ಭಾಷಣ ಬೇಡ. ಯಾರು ಹೇಳಿದರು, ಅವರಿಗೆ ಯಾರು ಹೇಳಿದ್ದರು, ಯಾವ ಮನೆ, ಯಾವ ಕೇರಿ ಎಂಬುದನ್ನು ಮೊದಲ ಸಾಲಿನಲ್ಲಿ ಬರೆಯಿರಿ. ಇಬ್ಬರು ಎರಡು ಬಗೆಯಾಗಿ ಹೇಳಿದರೆ ಎರಡನ್ನೂ ಬರೆಯಿರಿ, ನೀವೇ ತೀರ್ಮಾನಿಸಬೇಡಿ. ಕಾಗುಣಿತದ ತಪ್ಪುಗಳನ್ನು ನಾನು ತಿದ್ದಿಕೊಡುತ್ತೇನೆ. ಆ ಕೆಲಸದಿಂದ ನನಗೆ ಇನ್ನೂ ನಿವೃತ್ತಿಯಾಗಿಲ್ಲ.